ಒರೊಂಜೊನ ಮೂರು ಹನಿ

ಎಲ್ಲಕ್ಕೂ ಕಾರಣ ಆ ವಾಸನೆ. ಒರೊಂಜೊ ತನ್ನ ಬೆನ್ನುನೋವಿಗೆ ವೈದ್ಯರು ಬರೆದುಕೊಟ್ಟ ಗಾಂಜಾವನ್ನು ಪುಟ್ಟ ಯಂತ್ರದಲ್ಲಿ ಬಿಸಿ ಮಾಡಿ ಆವಿ ಎಳೆಯುತ್ತಿದ್ದ. ಕಾನೂನು ಒಪ್ಪಿದ ಮದ್ದು, ಡಬ್ಬಿಯ ಮೇಲೆ ಔಷಧದಂಗಡಿಯ ಚೀಟಿ. ಆದರೆ ವಾಸನೆಗೆ ಚೀಟಿ ಓದಲು ಬರುವುದಿಲ್ಲವಲ್ಲ. ಅದು ನಾಲ್ಕನೇ ಮಹಡಿಯಿಂದ ಮೆಟ್ಟಿಲಿಳಿದು ಸೀದಾ ನೆಲಮಹಡಿಯ ಅಸುಂತಾಳ ಅಡುಗೆಮನೆಗೆ ನುಗ್ಗುತ್ತಿತ್ತು.

"ಲೋ ಒರೊಂಜೊ! ಅಟ್ಟದ ಮೇಲೆ ಬೆಕ್ಕೇನಾದ್ರೂ ಸತ್ತಿದ್ಯಾ, ಇಲ್ಲ ನಿನ್ನ ಮದ್ದೋ?" ಅಂಗಳದಲ್ಲಿ ನಿಂತು ಅವಳು ಕೂಗಿದರೆ ಇಟಲಿಯ ಆ ಲೆಚ್ಚೆ ಊರಿನ ಅರ್ಧಕ್ಕೆ ಕೇಳುತ್ತಿತ್ತು.

ಬೇರೆ ದಿನವಾಗಿದ್ದರೆ ಒರೊಂಜೊ ಕಿಟಕಿ ಮುಚ್ಚಿಕೊಂಡು ಸುಮ್ಮನಿರುತ್ತಿದ್ದ. ಆದರೆ ಶನಿವಾರ ಸಂಜೆ ಕಟ್ಟಡದವರ ಸಭೆ ಇತ್ತು. ಲಿಫ್ಟ್ ಹಾಕಿಸಬೇಕೋ ಬೇಡವೋ ಎಂದು ಕೈ ಎತ್ತುವುದು. ಕೆಳಗಿಳಿದರೆ ಮತ್ತೆ ಹತ್ತುವಾಗ ಮಹಡಿಗೊಮ್ಮೆ ಕೂತು ನರಳುವ ಒರೊಂಜೊಗೆ ಅದು ಜೀವದ ಪ್ರಶ್ನೆ. ಬಹುಮತಕ್ಕೆ ಒಂದೇ ಒಂದು ಕೈ ಕಡಿಮೆ ಬಿದ್ದಿತ್ತು. ಆ ಕೈ ಅಸುಂತಾಳದು.

"ಮೊದಲು ಆ ಹೊಗೆ ನಿಲ್ಸಿ, ಅಕ್ಕ ಸಮಾಧಾನ ಆಗ್ತಾಳೆ" ಎಂದಳು ಹೆಂಡತಿ ಪೀನಾ.

"ಹೊಗೆ ಅಲ್ಲ ಕಣೇ, ಅದು ಆವಿ."

"ಹೌದಾ? ಹಾಗಾದ್ರೆ ಹೋಗಿ ಅಸುಂತಕ್ಕನಿಗೆ ಪಾಠ ಮಾಡಿ ಬನ್ನಿ."

ವೈದ್ಯರು ಆವಿಯ ಬದಲು ಅದೇ ಮದ್ದನ್ನು ಆಲಿವ್ ಎಣ್ಣೆಯಲ್ಲಿ ಬರೆದುಕೊಟ್ಟರು. ಶನಿವಾರ ಬೆಳಿಗ್ಗೆ ಔಷಧದಂಗಡಿಯ ಹುಡುಗಿ ಕಂದು ಬಾಟಲಿ ಕೈಗಿಡುತ್ತಾ ಎಚ್ಚರಿಸಿದಳು. "ಎಳೆಯೋದೇ ಬೇರೆ, ತಿನ್ನೋದೇ ಬೇರೆ, ಒರೊಂಜೊ ಅವ್ರೇ. ಆವಿ ಸ್ಕೂಟರ್ ಇದ್ದ ಹಾಗೆ. ಶ್ವಾಸಕೋಶದಿಂದ ಸೀದಾ ತಲೆಗೆ ಬರುತ್ತೆ, ಬಂದಷ್ಟೇ ಬೇಗ ಹೋಗುತ್ತೆ. ಎಣ್ಣೆ ನಮ್ಮ ದಕ್ಷಿಣದ ರೈಲು. ಹೊಟ್ಟೆ, ಕರುಳು, ಲಿವರ್ ಎಲ್ಲಾ ಕಡೆ ನಿಂತು ನಿಂತು ಬರುತ್ತೆ, ದಾರೀಲಿ ಇನ್ನೂ ಬಲ ತುಂಬ್ಕೊಳ್ಳುತ್ತೆ. ಬರ್ಲಿಲ್ಲ ಅಂತ ಇನ್ನೊಂದು ಸಲ ತಗೊಂಡ್ರೋ, ಎರಡು ರೈಲೂ ಒಟ್ಟಿಗೆ ಬರುತ್ತೆ. ಮೂರೇ ಹನಿ!"

ಮಧ್ಯಾಹ್ನ ಒರೊಂಜೊ ಒಣರೊಟ್ಟಿಯನ್ನು ನೀರಿಗದ್ದಿ, ಮೇಲೆ ಟೊಮೇಟೊ ಹಿಂಡಿ, ಮೂರು ಹನಿ ಎಣ್ಣೆ ಬಿಟ್ಟು ತಿಂದ. ಅರ್ಧ ಗಂಟೆ ಕಾದ. ಬೆನ್ನು ಹಾಗೇ ಚುಚ್ಚುತ್ತಿತ್ತು. ಆವಿಯಾಗಿದ್ದರೆ ಇಷ್ಟರಲ್ಲಿ ಒಂದು ನಿದ್ದೆ ಮುಗಿಯುತ್ತಿತ್ತು.

ಅವನು ಬಾಟಲಿ ನೋಡಿದ. ಅವನದು ಏಳು ತಲೆಮಾರಿನಿಂದ ಆಲಿವ್ ಹಿಂಡಿದ ಮನೆತನ. ರೊಟ್ಟಿಗೆ ಮೂರು ಹನಿ ಎಣ್ಣೆ ಬಿಟ್ಟ ಸೊಸೆಯನ್ನು ಅವನಜ್ಜಿ ತವರಿಗೆ ಕಳಿಸಿದ್ದಳು.

"ಮೂರು ಹನಿಯಂತೆ! ಬಾಗಿಲ ತಿರುಗಣಿಗೂ ಸಾಲಲ್ಲ" ಎಂದು ಇನ್ನೊಂದು ರೊಟ್ಟಿ ನೆನೆಸಿ, ಹಿರಿಯರ ಮರ್ಯಾದೆ ಉಳಿಯುವಷ್ಟು ಧಾರೆಯಾಗಿ ಸುರಿದುಕೊಂಡ.

ಸಭೆಗೆ ಪೀನಾ ಅವನ ತೋಳು ಹಿಡಿದು ಇಳಿಸಿದಳು. ಒರೊಂಜೊ ನಿಜವಾಗಿಯೂ ನರಳುತ್ತಿದ್ದ; ನೋಡಿದವರ ಕರುಳು ಚುರುಕ್ ಎನ್ನಬೇಕು. ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಕಟ್ಟಡದ ಲೆಕ್ಕ ನೋಡುವ ಕ್ವಾರ್ತಾ ಎದ್ದು ನಿಂತು ಕೆಮ್ಮಿದ. ಹಿಂದಿನ ಸಭೆಯ ವರದಿ, ನೀರಿನ ಕೊಳಾಯಿ, ಪಾರಿವಾಳಗಳ ಹಿಕ್ಕೆ, ಎಲ್ಲ ಮುಗಿಯುವಷ್ಟರಲ್ಲಿ ಮೊದಲ ರೈಲು ಬಂತು. ಅದರ ಬಾಲ ಹಿಡಿದು ಎರಡನೆಯದೂ ಬಂತು.

ಒರೊಂಜೊನ ಬೆನ್ನು ಬೆಣ್ಣೆಯಾಯಿತು. ಕ್ವಾರ್ತಾನ ಬೋಳುತಲೆ ಎಷ್ಟು ಮುದ್ದಾಗಿದೆ ಅನ್ನಿಸಿತು. ಪಾರಿವಾಳಗಳ ಮೇಲೂ ಪ್ರೀತಿ ಉಕ್ಕಿತು.

"ಲಿಫ್ಟ್ ವಿಷಯ. ಒರೊಂಜೊ, ನಿಮ್ಮ ಕಷ್ಟ ಹೇಳಿ" ಎಂದ ಕ್ವಾರ್ತಾ.

"ಕಷ್ಟವಾ?" ಒರೊಂಜೊ ಚಿಮ್ಮಿ ಎದ್ದ. "ಯಾವ ಕಷ್ಟ ಮಾರಾಯ? ಈ ಮೆಟ್ಟಿಲು ನೋಡಿ ಸ್ವಾಮಿ! ಒಂದೊಂದೂ ತಾಯಿ ಮಡಿಲು. ನಮ್ಮನ್ನ ಕೈ ಹಿಡಿದು ಮೇಲಕ್ಕೆ ಕರ್ಕೊಂಡು ಹೋಗುತ್ತೆ!"

"ರೀ, ಕೂತ್ಕೊಳ್ರೀ" ಎಂದು ಪೀನಾ ಅಂಗಿ ಎಳೆದಳು. ಅಂಗಿ ಅವಳ ಕೈಯಲ್ಲುಳಿಯಿತು. ಒರೊಂಜೊ ಬನಿಯನ್ನಿನಲ್ಲೇ ನಾಲ್ಕನೇ ಮಹಡಿಯವರೆಗೆ ಹಾಡುತ್ತಾ ಓಡಿ, ಬಾಲ್ಕನಿಯಿಂದ ಎಲ್ಲರಿಗೂ ಮುತ್ತು ಎಸೆದು, ಕರುವಿನಂತೆ ಜಿಗಿಯುತ್ತಾ ಇಳಿದುಬಂದ.

"ಮೆಟ್ಟಿಲೇ ನನ್ನ ಡಾಕ್ಟ್ರು!" ಎಂದು ಘೋಷಿಸಿದ.

ಚಪ್ಪಾಳೆ ಬಿತ್ತು. ಅಸುಂತಾ ಕಣ್ಣೊರೆಸಿಕೊಂಡಳು. ಲಿಫ್ಟಿಗೆ ಯಾರು ಯಾರು ಎಂದು ಕ್ವಾರ್ತಾ ಕೇಳಿದಾಗ ಪೀನಾಳದೊಂದೇ ಕೈ ಮೇಲಿತ್ತು.

ಸಭೆ ಮುಗಿದ ಮೇಲೆ ಅಸುಂತಾ ಒರೊಂಜೊನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. "ನಿನ್ನಿಂದ ಕಣ್ಣು ತೆರೀತು ಕಣೋ. ಇವತ್ತು ನಾನು ಲಿಫ್ಟಿಗೆ ಹೂಂ ಅನ್ನೋಕೇ ಬಂದಿದ್ದೆ."

ಪೀನಾ ಹತ್ತಿರದ ಕುರ್ಚಿ ಹಿಡಿದುಕೊಂಡಳು.

"ನೆಲಮಹಡಿ ಥಂಡಿಗೆ ಮಂಡಿ ಹಿಡ್ಕೊಂಡಿದೆ. ಅದಕ್ಕೆ ನಿಮ್ಮ ಮೇಲಿನ ಖಾಲಿ ಮನೇನ ಬಾಡಿಗೆಗೆ ಹಿಡಿದೆ. ಲಿಫ್ಟಿಲ್ದೆ ಹೇಗಪ್ಪಾ ಅಂತ ಚಿಂತೆ ಇತ್ತು. ಮೆಟ್ಟಿಲು ನಿನ್ನ ಬೆನ್ನನ್ನೇ ಸರಿ ಮಾಡಿದೆ ಅಂದ್ಮೇಲೆ ನನ್ನ ಮಂಡಿ ಯಾವ ಲೆಕ್ಕ!"

"ಬನ್ನಿ ಅಕ್ಕ, ಬನ್ನಿ! ನಿಮ್ಮ ಸಾಮಾನೆಲ್ಲಾ ನಾನೇ ಹೊತ್ತು ಹಾಕ್ತೀನಿ!" ಎಂದ ಒರೊಂಜೊ, ಇನ್ನೊಂದು ಸುತ್ತು ಕುಣಿದು.

ಭಾನುವಾರ ಬೆಳಿಗ್ಗೆ ರೈಲು ಹೋಗಿತ್ತು, ಬೆನ್ನು ಬಂದಿತ್ತು. ಒರೊಂಜೊ ಹಾಸಿಗೆಯಲ್ಲಿ ಮಗ್ಗುಲಾಗಲು ಯೋಚಿಸುತ್ತಿದ್ದಾಗ ಅಂಗಳದಿಂದ ಕೂಗು ಕೇಳಿತು.

"ಒರೊಂಜೊ, ಇಳಿದು ಬಾರೋ! ಅಮ್ಮನ ಕಾಲದ ಬೀರು ಮೊದಲು. ಸಾಮಾನು ಹೊರೋಕೆ ಬಂದಿದ್ದ ಆಳುಗಳ್ನ ವಾಪಸ್ ಕಳಿಸಿಬಿಟ್ಟೆ!"