ಅರಿಷಿಣದ ಪಾಕೀಟು

ಸಮ್ಮೇದ ಎಮ್ಮೆಯ ಬಲಮಗ್ಗುಲು ತಿಕ್ಕಿ ಮುಗಿಸಿ ಎಡಮಗ್ಗುಲಿಗೆ ಬಂದಿದ್ದ. ಕೈಯಲ್ಲಿ ತೆಂಗಿನ ನಾರು, ಕಾಲ ಬುಡದಲ್ಲಿ ಅರ್ಧ ಖಾಲಿಯಾದ ಬಕೆಟ್ಟು. ಎಮ್ಮೆ ಕಣ್ಣು ಮುಚ್ಚಿ ನಿಂತಿತ್ತು. ಇಡೀ ಊರಿನಲ್ಲಿ ಅವನನ್ನು ಒಂದೂ ಪ್ರಶ್ನೆ ಕೇಳದ ಜೀವ ಅದೊಂದೇ. ಅದಕ್ಕೇ ತಲೆ ಕೆಟ್ಟ ದಿನ ಅವನು ಎಮ್ಮೆಯನ್ನು ಎರಡೆರಡು ಸಲ ತೊಳೆಯುತ್ತಿದ್ದ. ಆ ಶನಿವಾರ ಬೆಳಿಗ್ಗೆ ಎರಡನೆಯ ಸಲದ ತೊಳೆತ ನಡೆದಿತ್ತು.

ತಲೆ ಕೆಡಿಸಿದ್ದು ಅಟ್ಟದ ಮೇಲೆ ಗೊಬ್ಬರದ ಖಾಲಿ ಚೀಲದಲ್ಲಿ ಸುತ್ತಿ ಬಚ್ಚಿಟ್ಟಿದ್ದ ಒಂದು ಕಟ್ಟು ಲಕ್ಕೋಟೆ.

ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಭೋಂಗಾ ಕೂಗಿದರೆ ಕೇಳಿಸುವಷ್ಟು ಹತ್ತಿರದ ಆ ಹಳ್ಳಿಯ ಸರಕಾರಿ ಹೈಸ್ಕೂಲಿನಲ್ಲಿ ಸಮ್ಮೇದ ವಿಜ್ಞಾನದ ಮಾಸ್ತರ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಲೈಂಗಿಕ ಶಿಕ್ಷಣದ ಪಾಠ ಆಗಬೇಕು, ಅದಕ್ಕೂ ಮೊದಲು ಮನೆಮನೆಗೆ ಪತ್ರ ಕಳಿಸಿ ತಾಯಿತಂದೆಯರಿಗೆ ತಿಳಿಸಬೇಕು ಎಂದು ಹೆಡ್‌ಮಿಸ್ಟ್ರೆಸ್ ಉಜ್ವಲಾ ಅಕ್ಕೋರು ಅವನಿಗೆ ಹೇಳಿದ್ದು ನಾಗರ ಪಂಚಮಿಯ ಉಂಡೆ ತಿನ್ನುವಾಗ. ಈಗ ದೀಪಾವಳಿಯೂ ಮುಗಿದು ಕಬ್ಬಿನ ಗಾಡಿಗಳು ಓಡಾಡುತ್ತಿದ್ದವು. ಪತ್ರ ಮಾತ್ರ ಅಟ್ಟ ಬಿಟ್ಟು ಇಳಿದಿರಲಿಲ್ಲ.

ಬರೆಯುವಾಗಲೇ ಅವನ ಪ್ರಾಣ ಹೋಗಿತ್ತು. ಆ ಶಬ್ದದ ಹತ್ತಿರ ಬಂದಾಗಲೆಲ್ಲ ಪೆನ್ನು, ಕೆಸರಿನ ತಗ್ಗು ಕಂಡ ಎತ್ತಿನ ಹಾಗೆ ಹಿಂದೆ ಜಗ್ಗುತ್ತಿತ್ತು. ಹೇಗೋ ಬರೆದ, ಕಾಗವಾಡಕ್ಕೆ ಹೋಗಿ ಝೆರಾಕ್ಸ್ ಮಾಡಿಸಿದ, ಅಂಟು ಬಳಿದು ಬಾಯಿ ಮುಚ್ಚಿದ, ಹೆಸರು ಬರೆದ. ಹಂಚುವ ಮಾತು ಬಂದಾಗ ಮಾತ್ರ ಅಟ್ಟ ಹತ್ತಿಸಿದ.

ಪಾಠ ಹೇಳಲು ಬರಬೇಕಾದವಳು ಅಥಣಿಯ ಆರೋಗ್ಯ ಇಲಾಖೆಯ ಮನೀಷಾ. ನಿಪ್ಪಾಣಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಧರಣೇಂದ್ರಪ್ಪನ ಮಗಳು. ಎರಡು ಸಲ ಬಂದು, ಪತ್ರ ಹೋಗಿಲ್ಲವೆಂದು ಪಾಠವಿಲ್ಲದೆ ವಾಪಸು ಹೋಗಿದ್ದಳು. ಮೊದಲ ಸಲ ಸಮ್ಮೇದನ ಮನೆಯಲ್ಲಿ ರೊಟ್ಟಿಗೆ ಗುರೆಳ್ಳು ಚಟ್ನಿ ಹಚ್ಚಿಕೊಂಡು ತಿಂದು, ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡಿದ್ದಳು. ನಲವತ್ತು ಹತ್ತಿರ ಬಂದರೂ ಲಗ್ನವಾಗದ ಸಮ್ಮೇದನಿಗೆ ಆ ಎರಡನೆಯ ರೊಟ್ಟಿ ಇನ್ನೂ ಕಣ್ಣ ಮುಂದಿತ್ತು. ಎರಡನೆಯ ಸಲ ಅವಳು ನಗದೆ ಹೇಳಿದ್ದಳು: “ಮಾಸ್ತರ, ಈ ಶನಿವಾರ ನೋಡಾಕ ಬರತೀನಿ. ಪತ್ರ ಹೋಗಿರಲಿಲ್ಲಂದ್ರ ನಿಮ್ಮ ಸಾಲಿಗೆ ಮತ್ತ ನಾ ಬರೂದಿಲ್ಲ, ಬ್ಯಾರೆಯವರ್ನ ಕಳಸ್ತೀನಿ.”

ಆ ಶನಿವಾರವೇ ಇದು. ಎಮ್ಮೆ ಹೊಳೆಯತೊಡಗಿತು. ಸಮ್ಮೇದ ಮನಸ್ಸು ಗಟ್ಟಿ ಮಾಡಿ ಒಳಗೆ ಹೋಗಿ ಅಟ್ಟಕ್ಕೆ ಕೈ ಹಾಕಿದ. ಚೀಲ ಚಪ್ಪಟೆಯಾಗಿತ್ತು.

“ಅವ್ವಾ! ಇಲ್ಲಿ ಪಾಕೀಟ ಇದ್ದೂವಲ್ಲ?”

ಒಲೆಯ ಮುಂದೆ ಕೂತಿದ್ದ ಗಂಗೂಬಾಯಿ ಎದ್ದು ಬಂದು ಮಗನ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿದಳು. ಕಣ್ಣಲ್ಲಿ ನೀರು.

“ಇಲಿ ಓಡ್ಯಾಡಿದ ಸಪ್ಪಳಾತು ಅಂತ ನಿನ್ನೆ ಅಟ್ಟ ಕೆದರಿದೆ. ಯಾವಾಗಿಂದ ಮುಚ್ಚಿಟ್ಟೀಪಾ? ಹೆತ್ತ ತಾಯಿ ಮುಂದ ಏನ ನಾಚಿಕಿ? ಎಲ್ಲಾ ಬಾಜೂಮನಿ ಶಿವಗಂಗವ್ವನ ಕೈಯಾಗ ಕೊಟ್ಟೀನಿ. ಮುಂಜಾನೆಯಿಂದ ಹಂಚಾಕತ್ತಾಳ.”

“ಎಲ್ಲಾ?”

“ಒಂದ ಉಳೀತು. ನಿಮ್ಮ ಸಾಲಿ ಒಬ್ಬ ಹುಡುಗನ ಮನೀಯವರು ತೆಲಸಂಗಕ್ಕ ಹೋಗ್ಯಾರಂತ.”

ಸಮ್ಮೇದನ ಎದೆಯ ಮೇಲಿನ ಬೀಸುಕಲ್ಲು ಇಳಿದ ಹಾಗಾಯಿತು. ಅಕ್ಷರ ಬಾರದ ತನ್ನ ಅವ್ವ ಇಂಥ ವಿಷಯದಲ್ಲಿ ಇಷ್ಟು ಮುಂದಿದ್ದಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಸಕ್ಕರೆ ಚಪ್ಪರಿಸುತ್ತ ಅಂಗಿ ಹಾಕಿಕೊಂಡು ಶಾಲೆಗೆ ಹೊರಟ. ಓಣಿಯಲ್ಲಿ ಬೈಗುಳ ಬೀಳಬಹುದು, ತಲೆ ತಗ್ಗಿಸಿ ದಾಟಿದರಾಯಿತು ಎಂದುಕೊಂಡ.

ಪಕ್ಕದ ಮನೆಯ ವಿರುಪಾಕ್ಷಪ್ಪ ಕಟ್ಟೆಯ ಮೇಲಿಂದ ಎದ್ದೇ ನಿಂತ. ಶಿವಗಂಗವ್ವನ ಗಂಡ, ಸಾಲಿಯ ಸಮಿತಿಯ ಅಧ್ಯಕ್ಷ, ಒಂಬತ್ತನೆಯ ತರಗತಿಯ ಅಪೂರ್ವಾಳ ಅಪ್ಪ. ಸಮ್ಮೇದ ತಲೆ ತಗ್ಗಿಸಿದ.

“ಮಾಸ್ತರ! ಭಾಳ ಛಲೋ ಆತ್ರಿ! ಈಗರೆ ಮನಸ್ಸ ಮಾಡಿದ್ರಲ್ಲ!”

ಸಮ್ಮೇದ ತಲೆ ಎತ್ತಿದ. “ನಿಮಗ ಸಿಟ್ಟ ಬಂದಿಲ್ಲೇನ್ರಿ?”

“ಸಿಟ್ಟ ಯಾಕ? ಎಲ್ಲಾರಿಗೂ ಆಗೂದ ಆತು. ನಿಮಗ ತಡಾ ಆತು ಅಷ್ಟ. ನಾವು ಮನೀಮಂದೆಲ್ಲಾ ಬರತೀವಿ ನೋಡ್ರಿ.”

“ಮನೀಮಂದಿ ಬ್ಯಾಡ್ರಿ ಕಾಕಾ. ಬರೇ ಅಪೂರ್ವಾನ ಕಳಸ್ರಿ ಸಾಕು.”

ವಿರುಪಾಕ್ಷಪ್ಪನ ಮುಖ ಸಣ್ಣಗಾಯಿತು. “ಬರೇ ಮಕ್ಕಳ್ನ ಕರೀತೀರಿ? ಇಷ್ಟ್ಯಾಕ್ರಿ ಕೈ ಬಿಗಿ ಹಿಡೀತೀರಿ? ಹೋಗ್ಲಿ, ಎಲ್ಲಿ ಇಟ್ಗೊಂಡೀರಿ?”

“ಸಾಲ್ಯಾಗ.”

“ಸಾಲ್ಯಾಗಾ! ಯಾಕ, ಮಂಗಲ ಕಾರ್ಯಾಲಯ ಸಿಗಲಿಲ್ಲೇನು?”

ಪಾಠಕ್ಕೆ ಮಂಗಲ ಕಾರ್ಯಾಲಯ ಯಾಕೆಂದು ಸಮ್ಮೇದನಿಗೆ ಹೊಳೆಯಲಿಲ್ಲ. “ನೀವು ಪತ್ರ ಓದೀರಿಲ್ಲೋ?”

“ಹೆಂಗ ಓದೂದ್ರಿ? ಸಂಜಿ ದೀಪ ಹಚ್ಚಿದ ಮ್ಯಾಲ ಒಡಿಯೂದು. ಮೊದಲ ದೇವರ ಮುಂದ ಇಡಬೇಕಲ್ಲ?” ಎಂದು ಅವನ ರಟ್ಟೆ ಹಿಡಿದು ಒಳಗೆ ಕರೆದೊಯ್ದ.

ದೇವರ ಜಗುಲಿಯ ಮೇಲೆ, ಚೆಂಡುಹೂವಿನ ನಡುವೆ, ಸಮ್ಮೇದನ ಲಕ್ಕೋಟೆ ಕೂತಿತ್ತು. ನಾಲ್ಕೂ ಮೂಲೆಗೆ ಅರಿಷಿಣ, ನಡುವೆ ಕುಂಕುಮದ ಬೊಟ್ಟು.

ಆಗ ಎಲ್ಲ ತಿಳಿಯಿತು. ಮದುವೆಯ ವಯಸ್ಸು ಮೀರಿದ ಮಗ ಬಾಯಿ ಅಂಟಿಸಿದ ಒಂದು ಕಟ್ಟು ಪಾಕೀಟು ಬಚ್ಚಿಟ್ಟರೆ, ಆ ಸೀಮೆಯ ಯಾವ ತಾಯಿಯಾದರೂ ಅರಿಷಿಣದ ಬಟ್ಟಲನ್ನೇ ತರುತ್ತಾಳೆ. ಮೂಲೆಗೆ ಅರಿಷಿಣ ಬಿದ್ದ ಪಾಕೀಟು ಲಗ್ನದ್ದು. ಅದನ್ನು ಒಡೆದು ನೋಡುವ ಅಗತ್ಯವೂ ಇಲ್ಲ.

“ಕಾಕಾ, ಅದನ್ನ ಹೊಳ್ಳಿ ಕೊಡ್ರಿ.”

“ದೇವರಿಗೆ ಇಟ್ಟದ್ದನ್ನಾ? ಹುಚ್ಚ ಹಿಡದೈತೇನ್ರಿ?”

“ಅದು ಲಗ್ನದ್ದಲ್ರಿ. ಅದು... ಅದರಾಗ...” ವಿರುಪಾಕ್ಷಪ್ಪ ಅವನ ಬೆನ್ನು ತಟ್ಟಿದ. “ನಾಚಿಕಿ ಇರೂದ. ನಾನೂ ಹಿಂಗ ಮಾಡಿದ್ದೆ.”

ಸಾಲಿ ಮುಟ್ಟುವವರೆಗೆ ಸಮ್ಮೇದ ಪಾಕೀಟು ವಾಪಸು ಕೇಳಲು ಹಲವು ಮನೆ ಹೊಕ್ಕ. ಎಲ್ಲ ಕಡೆ ಜಗುಲಿ, ಎಲ್ಲ ಕಡೆ ಹೂವು. ಒಬ್ಬಾಕೆ, ತಾಯಿಮಗ ಇಬ್ಬರೂ ಅಕ್ಷತೆ ಹಿಡಿದು ಕರೆಯಲು ಬರಬೇಕಿತ್ತೆಂದು ಮುನಿಸಿಕೊಂಡು ಚಹಾ ಸಹ ಕೊಡಲಿಲ್ಲ. ಇನ್ನೊಬ್ಬ, ವಾದ್ಯ ಬಾರಿಸುವ ವಾಜಂತ್ರಿಯವರು ತನ್ನ ಭಾವನ ಕಡೆಯವರೇ ಆಗಬೇಕೆಂದು ಹಟ ಹಿಡಿದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಊರೆಲ್ಲ ಒಮ್ಮೆಗೇ ಆ ಶಬ್ದ ಓದುವುದನ್ನು ನೆನೆದು ಅವನು ಹೆಜ್ಜೆ ಚುರುಕು ಮಾಡಿದ.

ಶನಿವಾರದ ಅರ್ಧ ದಿನದ ಸಾಲಿ ಬಿಡುವ ಹೊತ್ತಿಗೆ ಮನೀಷಾ ಬಂದಳು. ಉಜ್ವಲಾ ಅಕ್ಕೋರು ಕೇಳಿದರು. “ಪತ್ರ ಹೋದೂವೇನ್ರಿ ಸಮ್ಮೇದ ಸರ್?”

“ಹೋದೂರಿ.”

“ಕಡೀಗೂ ಧೈರ್ಯ ಮಾಡಿದ್ರಲ್ಲ ಮಾಸ್ತರ!” ಎಂದು ಮನೀಷಾ ನಕ್ಕಳು. ಆ ನಗುವಿನ ಬಿಸಿ ಆರುವ ಮೊದಲೇ ಶಿವಗಂಗವ್ವ ಗೇಟಿನಿಂದಲೇ ಕೂಗಿದಳು.

“ಮನೀಷಾ ಅಕ್ಕೋರ, ಸುದ್ದಿ ಗೊತ್ತಾತಿಲ್ಲೋ? ನಮ್ಮ ಮಾಸ್ತರ ಲಗ್ನ!”

ಮನೀಷಾಳ ನಗು ಒಲೆಯಿಂದ ಇಳಿಸಿದ ಹಾಲಿನ ಹಾಗೆ ತಳಕ್ಕೆ ಕುಂತಿತು. “ಹೌದಾ? ಛಲೋ ಆತ್ರಿ. ಹುಡುಗಿ ಯಾವೂರಾಕಿ?”

“ಅದನ್ನ ಹೇಳವಲ್ರು ನೋಡ್ರಿ!” ಎಂದಳು ಶಿವಗಂಗವ್ವ. “ಸಂಜೀತನಕ ಯಾರಿಗೆ ತಾಳ್ಮಿ ಐತಿ? ಅದಕ್ಕ ನಾ ಈಗ ದೀಪ ಹಚ್ಚಿ ಪಾಕೀಟ ತಂದ್ಬಿಟ್ಟೆ.” ಸೆರಗಿನಿಂದ ಅದನ್ನು ತೆಗೆದು, ಹಿಂದಿನಿಂದ ಬಂದ ಗಂಡನ ಕೈಗೆ ಕೊಟ್ಟಳು. “ಜೋರಲೆ ಓದ್ರಿ.”

ಸಮ್ಮೇದ ಕಸಿಯಲು ಹೋದ. ವಿರುಪಾಕ್ಷಪ್ಪ ಕೈ ಮೇಲೆತ್ತಿ ಹಿಡಿದು, ಅಷ್ಟು ಹೊತ್ತಿಗೆ ಸೇರಿದ್ದ ಮಂದಿಗೆಲ್ಲ ಕೇಳುವಂತೆ ಓದಿದ:

“‘ಮಾನ್ಯ ಪಾಲಕರಿಗೆ ನಮಸ್ಕಾರ. ತಮ್ಮ ಮಕ್ಕಳು ದೊಡ್ಡವರಾಗಿದ್ದಾರೆ. ಅವರ...’”

ಸಮ್ಮೇದ ಕಣ್ಣು ಮುಚ್ಚಿಕೊಂಡ.

“‘ಅವರ...’ ಇಲ್ಲಿ ಏನೂ ಇಲ್ಲಲ್ಲ! ಖಾಲಿ ಬಿಟ್ಟಾರ. ‘ಅವರ’ ಖಾಲಿ ‘ವಿಷಯದಲ್ಲಿ ಇನ್ನು ತಡ ಮಾಡುವುದು ಸರಿಯಲ್ಲ. ತಮ್ಮ ಒಪ್ಪಿಗೆಯಿದ್ದರೆ ಈ ಕಾರ್ಯವನ್ನು ಮುಂದುವರಿಸುವೆ. ಇಂತಿ ತಮ್ಮ ವಿಶ್ವಾಸದ, ಸಮ್ಮೇದ.’”

ಸಮ್ಮೇದ ಕಣ್ಣು ಬಿಟ್ಟ. ನೆನಪಾಯಿತು. ಝೆರಾಕ್ಸ್ ಅಂಗಡಿಯ ಅಭಿನಂದನ ಎಂಬವನು ಸಮ್ಮೇದನ ಬಳಗದವನು. ಅವನ ಕಣ್ಣಿಗೆ ಆ ಶಬ್ದ ಬೀಳಬಾರದೆಂದು ಜಾಗ ಖಾಲಿ ಬಿಟ್ಟು, ಮನೆಗೆ ಹೋಗಿ ಕೈಯಿಂದ ತುಂಬಿದರಾಯಿತು ಎಂದುಕೊಂಡಿದ್ದ. ತುಂಬುವ ಧೈರ್ಯ ಬರುವ ಮೊದಲೇ ಅಂಟು ಬಳಿದಿದ್ದ. ಪಂಚಮಿಯಿಂದ ಅವನು ಹೆದರಿ ಬಚ್ಚಿಟ್ಟದ್ದು ಏನೂ ಇಲ್ಲದ ಕಾಗದ.

“ಮಾಸ್ತರ, ಇಲ್ಲಿ ಏನ ಬರಬೇಕ್ರಿ?” ಎಂದು ಮನೀಷಾ ಆ ಖಾಲಿ ಜಾಗದ ಮೇಲೆ ಬೆರಳಿಟ್ಟಳು. ಅವನು ಬೆರಳನ್ನೇ ನೋಡುತ್ತ ನಿಂತ. ಅವಳೇ ಮಂದಿಯ ಕಡೆ ತಿರುಗಿ, ಜ್ವರದ ಗುಳಿಗೆಯ ಹೆಸರು ಹೇಳುವಷ್ಟು ಸಲೀಸಾಗಿ, ಲೈಂಗಿಕ ಶಿಕ್ಷಣ ಎಂದರೇನು, ಏನು ಹೇಳುತ್ತೇವೆ, ಯಾಕೆ ಹೇಳುತ್ತೇವೆ ಎಲ್ಲ ಹೇಳಿಬಿಟ್ಟಳು.

“ಇಷ್ಟೇನಾ?” ಎಂದಳು ಶಿವಗಂಗವ್ವ. “ಹೋದ ವರ್ಷ ನಮ್ಮ ಅಪೂರ್ವಾ ಮೊದಲ ಸಲ ಹೊರಗಾದಾಗ, ಸಾಯ್ತೀನಿ ಅಂತ ತಿಳಕೊಂಡು ಬಣವಿ ಹಿಂದ ಕುಂತ ಅತ್ತಿದ್ಲು. ನನಗ ಹೆಂಗ ಹೇಳಬೇಕು ತಿಳೀಲಿಲ್ಲ. ಹೇಳ್ರಿ ಯವ್ವಾ, ಬಿಡಿಸಿ ಹೇಳ್ರಿ. ಗಂಡಹುಡುಗರಿಗೂ ಹೇಳ್ರಿ, ಅವಕ್ಕೂ ಏನೂ ತಿಳಿಯೂದಿಲ್ಲ.”

ಬೇರೆ ಹೆಂಗಸರೂ ಹೌದೆಂದು ಗೋಣು ಹಾಕಿದರು. ಗಂಡಸರು ಪರಸ್ಪರ ಮುಖ ನೋಡಿಕೊಂಡು, ಕೆಮ್ಮಿ, ಆಗಲಿ ಎಂದರು.

ವಿರುಪಾಕ್ಷಪ್ಪನ ದುಃಖ ಬೇರೆ. “ಅಂದ್ರ ಲಗ್ನಾ ಇಲ್ಲಾ? ಹೋಳಿಗಿ?”

“ಇಲ್ರಿ ಕಾಕಾ.”

“ಮತ್ತ ಅರಿಷಿಣ ಯಾಕ ಹಚ್ಚಿದ್ರಿ!” ಎಂದು ಮಂದಿ ಒಮ್ಮೆಗೇ ಎದ್ದಿತು. ಪಾಠಕ್ಕೆ ಯಾರದೂ ತಕರಾರಿಲ್ಲ. ಊಟ ತಪ್ಪಿದ್ದಕ್ಕೆ ಮಾತ್ರ ಯಾರೂ ಕ್ಷಮಿಸಲು ತಯಾರಿರಲಿಲ್ಲ.

ಉಜ್ವಲಾ ಅಕ್ಕೋರು ಬೆತ್ತದಿಂದ ವರಾಂಡದ ಮೇಜು ಬಡಿದರು. ಖಾಲಿ ಬಿಟ್ಟ ಪತ್ರ ಕಳಿಸಿದರೆ ತಿಳಿಸಿದಂತಲ್ಲ, ಈಗಲೇ ಎಲ್ಲ ಪಾಕೀಟು ತನ್ನಿ, ಸಮ್ಮೇದ ಸರ್ ನಿಮ್ಮ ಮುಂದೆ ತುಂಬಿಕೊಡುತ್ತಾರೆ ಎಂದರು. ಜಗುಲಿಗಳಿಂದ ಪಾಕೀಟುಗಳು ಇಳಿದು ಬಂದವು, ಕೆಲವು ಹೂವಿನ ಸಮೇತ. ಗಂಗೂಬಾಯಿಯೂ ಉಳಿದೊಂದನ್ನು ಹಿಡಿದು ಬಂದಳು. ಸುದ್ದಿ ಕೇಳಿ ಮೂಲೆಯಲ್ಲಿ ಕೂತು ಮೂಗು ಒರೆಸಿಕೊಂಡಳು.

ಸಮ್ಮೇದ ವರಾಂಡದಲ್ಲಿ ಕೂತು ಬರೆಯತೊಡಗಿದ. ಮೊದಲನೆಯದಕ್ಕೆ ಪೆನ್ನು ಹಿಂದೆ ಜಗ್ಗಿತು. ‘ಲೈಂಗಿಕ ಶಿಕ್ಷಣದ’. ಐದಾರು ಆಗುವಷ್ಟರಲ್ಲಿ ಜಗ್ಗುವುದು ನಿಂತಿತು. ಅರ್ಧ ಕಟ್ಟು ಮುಗಿಯುವಷ್ಟರಲ್ಲಿ ಆ ಶಬ್ದ ಜೋಳ, ಗೋಧಿ ಎಂಬ ಶಬ್ದದಷ್ಟೇ ಸಾದಾ ಆಯಿತು. ಪೆನ್ನು ತಾನಾಗಿ ಓಡುತ್ತಿತ್ತು. ಮನೀಷಾ ಎದುರಿಗೆ ಕೂತು ಒಂದೊಂದನ್ನೇ ಮತ್ತೆ ಅಂಟಿಸಿ ಅವರವರ ಕೈಗೆ ಕೊಡುತ್ತಿದ್ದಳು.

ಕೊನೆಗೆ ತೆಲಸಂಗಕ್ಕೆ ಹೋದ ಹುಡುಗನದೊಂದು ಉಳಿಯಿತು. ಮನೀಷಾ ಕೈ ತೊಳೆಯಲು ಎದ್ದಳು. ವಿರುಪಾಕ್ಷಪ್ಪ ಆ ಕೊನೆಯ ಖಾಲಿ ಪತ್ರ ಎತ್ತಿ ಇನ್ನೊಮ್ಮೆ ಓದಿದ. ಅವನ ಮುಖಕ್ಕೆ ಮತ್ತೆ ಹೋಳಿಗೆಯ ಕಳೆ ಬಂತು.

“ಮಾಸ್ತರ, ‘ಮಕ್ಕಳು ದೊಡ್ಡವರಾಗಿದ್ದಾರೆ, ತಡ ಮಾಡುವುದು ಸರಿಯಲ್ಲ, ತಮ್ಮ ಒಪ್ಪಿಗೆಯಿದ್ದರೆ...’ ಇದನ್ನ ಮನೀಷಾ ಅಕ್ಕೋರ ಅಪ್ಪ, ನಿಪ್ಪಾಣಿ ಧರಣೇಂದ್ರಪ್ಪಗ ಕಳಸ್ರಿ. ಖಾಲಿ ಜಾಗಾದಾಗ ‘ಲಗ್ನದ’ ಅಂತ ಬರದ್ರ ಆತು! ಅರಿಷಿಣಾನೂ ದಂಡ ಆಗೂದಿಲ್ಲ.”

“ಛೇ! ಹಂಗೆಲ್ಲಾ...”

“ಬ್ಯಾರೆ ಪತ್ರ ಬರೀತೀನಿ ಅಂದ್ರ ಮತ್ತ ಮುಂದಿನ ಪಂಚಮಿ ಆಕ್ಕೈತಿ,” ಎಂದಳು ಶಿವಗಂಗವ್ವ. “ಆಕಿ ಮಾರಿ ನೋಡಿದ್ರಿಲ್ಲೋ, ನಿಮ್ಮ ಲಗ್ನ ಅಂದಾಗ ಹೆಂಗಾತು? ಈಗ ಇಲ್ಲ ಅಂದಾಗ ಹೆಂಗಾತು? ಲಗೂ ಬರೀರಿ, ಬಂದ್ಲು.”

ಗಂಗೂಬಾಯಿ ಮೂಲೆಯಿಂದ ಕೈ ಮುಗಿದಳು. ದಿನವೆಲ್ಲ ಗಳಿಸಿದ ಧೈರ್ಯ ಸಮ್ಮೇದನ ಬೆರಳ ತುದಿಯಲ್ಲಿ ಇನ್ನೂ ಬಿಸಿಯಾಗಿತ್ತು. ಒಂದೇ ಏಟಿಗೆ ಖಾಲಿ ಜಾಗ ತುಂಬಿ, ಮಡಚಿ, ಅಂಟು ಬಳಿದ. ಹಳೆಯ ಹೆಸರು ಹೊಡೆದು ‘ಶ್ರೀ ಧರಣೇಂದ್ರಪ್ಪನವರಿಗೆ’ ಎಂದು ಬರೆದ.

ಊರ ಅರ್ಧ ಮಂದಿ, ರವಿವಾರದ ರಜೆಗೆ ಅಪ್ಪನ ಮನೆಗೆ ಹೊರಟ ಮನೀಷಾಳನ್ನು ಚಿಕ್ಕೋಡಿ ಮೇಲೆ ಹಾದು ನಿಪ್ಪಾಣಿಗೆ ಹೋಗುವ ಬಸ್ಸಿಗೆ ಕಳಿಸಲು ಬಂತು. ಬಸ್ಸು ನಿಂತ ಮೇಲೆ ಸಮ್ಮೇದ ಪಾಕೀಟು ಮುಂದೆ ಚಾಚಿದ. “ಇದನ್ನ... ನಿಮ್ಮ ಅಪ್ಪಾರಿಗೆ ಕೊಡ್ರಿ.”

ಅವಳು ಅರಿಷಿಣದ ಮೂಲೆ ನೋಡಿದಳು, ಮಂದಿಯ ಮುಖ ನೋಡಿದಳು. ಕಿವಿಯ ತುದಿ ಕೆಂಪಾಯಿತು. “ಅಪ್ಪಾರ ಕೈಯಾಗ ಕೊಡ್ತೀನ್ರಿ. ನಾ ಏನ ಒಡಿಯೂದಿಲ್ಲ. ಸೋಮವಾರ ಪಾಠಕ್ಕ ಬಂದಾಗ ಉತ್ತರ ತರ್ತೀನಿ.”

ಬಸ್ಸು ಹೊರಟಿತು. ಗಂಗೂಬಾಯಿ ಮಗನ ತೋಳು ಹಿಡಿದಳು. “ಏನ ಬರದೀಪಾ? ಒಮ್ಮೆ ಓದಿದಂಗ ಹೇಳು, ಕಿವಿ ತಂಪಾಗಲಿ.”

ಸಮ್ಮೇದ ಎದೆ ಉಬ್ಬಿಸಿದ. ಬಸ್‌ಸ್ಟ್ಯಾಂಡಿನ ಮಂದಿಗೆಲ್ಲ ಕೇಳುವಂತೆ, ಒಂದಿಷ್ಟೂ ತೊದಲದೆ ಹೇಳಿದ: “‘ತಮ್ಮ ಮಕ್ಕಳು ದೊಡ್ಡವರಾಗಿದ್ದಾರೆ. ಅವರ ಲೈಂಗಿಕ ಶಿಕ್ಷಣದ ವಿಷಯದಲ್ಲಿ ಇನ್ನು ತಡ ಮಾಡುವುದು...’”

ನಿಂತ. ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ, ಅದು ಬೇರೆ ಯಾರದೋ ಎಂಬಂತೆ.

“‘...ತಮ್ಮ ಒಪ್ಪಿಗೆಯಿದ್ದರೆ ಈ ಕಾರ್ಯವನ್ನು ಮುಂದುವರಿಸುವೆ,’” ಎಂದು ವಿರುಪಾಕ್ಷಪ್ಪ ಮೆಲ್ಲಗೆ ಮುಗಿಸಿದ. “ಯಪ್ಪಾ! ಫೋನ ಹಚ್ಚರಿ ಮಾಸ್ತರ!”

“ಹಚ್ಚಿ ಏನಂತ ಹೇಳ್ಲಿ?” ಎನ್ನುತ್ತಲೇ ಸಮ್ಮೇದ ಎರಡೂ ಕೈ ಬೀಸುತ್ತ ಬಸ್ಸಿನ ಹಿಂದೆ ಓಡಿದ.

ಮನೀಷಾ ಕಿಟಕಿಯಿಂದ ಹೊರಗೆ ಬಗ್ಗಿ ನೋಡಿದಳು. ಇಷ್ಟು ವರ್ಷಕ್ಕೆ ಮನುಷ್ಯನಿಗೆ ನಾಚಿಕೆ ಬಿಟ್ಟಿತಲ್ಲ ಎಂದು ನಗುತ್ತ ತಾನೂ ಕೈ ಬೀಸಿದಳು. ಪಾಕೀಟು ಎತ್ತಿ ತೋರಿಸಿದಳು, ಜೋಪಾನವಾಗಿದೆ ಎಂದು ಸನ್ನೆ ಮಾಡಿದಳು. ಆಮೇಲೆ ಅದನ್ನು ಚೀಲದ ಒಳಗಿನ ಕಿಸೆಗೆ ಇಟ್ಟು ಗುಂಡಿ ಹಾಕಿದಳು. ಬಸ್ಸು ಕಬ್ಬಿನ ಗಾಡಿಗಳ ಸಾಲು ದಾಟಿ ಚಿಕ್ಕೋಡಿಯ ಹಾದಿ ಹಿಡಿಯಿತು.