ನೀರುಗಂಟಿ ಸಂಜೀವಯ್ಯನವರ ಹನ್ನೊಂದು ಸೆಕೆಂಡು

ದೃಶ್ಯ ಸಂಕಲನ ಘಟಕ, ಮಧುಗಿರಿ
(ಶಿರಾ, ಕೊರಟಗೆರೆ ಮತ್ತು ಪಾವಗಡ ಶಾಖೆಗಳನ್ನೊಳಗೊಂಡಂತೆ)

ಸಂಖ್ಯೆ: ದೃಸಂಘ/ಮೂಲ ಕಡತ/11 ಸೆ./2025-26
ದಿನಾಂಕ: 18-07-2025

ಸುತ್ತೋಲೆ

ವಿಷಯ: ವಿಡಿಯೊ ಎಡಿಟಿಂಗ್ ತಂತ್ರಾಂಶದಲ್ಲಿ ಪ್ರಾಜೆಕ್ಟ್ ಸೇವ್ ಮಾಡುವ ಹಾಗೂ ಚಿತ್ರೀಕರಿಸಿದ ಮೂಲ ಕಡತಗಳನ್ನು ಅಳಿಸದಿರುವ ಬಗ್ಗೆ.

ಉಲ್ಲೇಖ: 1) ಬಡವನಹಳ್ಳಿಯ ಶ್ರೀಮತಿ ಗಂಗಲಕ್ಷ್ಮಮ್ಮನವರ ಮೌಖಿಕ ಅಹವಾಲು (ಕಚೇರಿಯ ಮೆಟ್ಟಿಲ ಮೇಲೆ, ಮೂರು ಬಾರಿ)
2) ಸಹಾಯಕ ಅನಿಲ್ ಕುಮಾರ್ ಅವರ ವಿವರಣೆ
3) ಎಡಿಟರ್ ಶಿವರಂಜನಿ ಅವರ ವಿವರಣೆ (ತೃಪ್ತಿಕರವಾಗಿರುವುದಿಲ್ಲ)

ನೀರಿನ ಮಿತಬಳಕೆ ಕುರಿತು ಈ ಘಟಕವು ತಯಾರಿಸಿದ ಚಿತ್ರದಲ್ಲಿ, ಬಡವನಹಳ್ಳಿಗೆ ಮೂವತ್ತು ವರ್ಷ ನೀರು ಬಿಟ್ಟ ನೀರುಗಂಟಿ ಶ್ರೀ ಸಂಜೀವಯ್ಯನವರು ಹನ್ನೊಂದು ಸೆಕೆಂಡು ಮಾತನಾಡಿರುತ್ತಾರೆ. ತರುವಾಯ ಸದರಿಯವರು ನಿಧನರಾಗಿರುತ್ತಾರೆ. ಅವರ ಧ್ವನಿ ಬೇರೆಲ್ಲೂ ದಾಖಲಾಗಿರುವುದಿಲ್ಲ. ವರ್ಷದ ಎಡೆಯ ದಿನ ಮನೆಮಂದಿಗೆಲ್ಲ ಕೇಳಿಸಬೇಕೆಂದು ಅವರ ಪತ್ನಿ ಗಂಗಲಕ್ಷ್ಮಮ್ಮನವರು ಚಿತ್ರವನ್ನು ಕೋರಿರುತ್ತಾರೆ. ಚಿತ್ರವು ಹದಿಮೂರು ತಿಂಗಳಿಂದ ಅನುಮೋದನೆಯ ಹಂತದಲ್ಲೇ ಇರುವ ಕಾರಣ ಪ್ರಾಜೆಕ್ಟನ್ನೇ ತೆರೆದು ತೋರಿಸಲಾಗಿ, ಸಂಜೀವಯ್ಯನವರು ಇರಬೇಕಾದಲ್ಲಿ ಹನ್ನೊಂದು ಸೆಕೆಂಡು ಕೆಂಪು ಪರದೆ ಮೂಡಿ, ‘ಮೀಡಿಯಾ ಆಫ್‌ಲೈನ್’ (ಮೂಲ ಕಡತ ಸಿಗುತ್ತಿಲ್ಲ) ಎಂಬ ಬರಹ ಕಂಡಿರುತ್ತದೆ.

ಆಗ ಅವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಊರಿಗೆ ನೀರು ಬುಡೋಕೆ ಹೋದ್ರೆ ಇಂಗೇ ಕಣಪ್ಪ, ಹೊತ್ತಾಗ್ತಿತ್ತು. ಕಾಯ್ತೀನಿ ಬುಡು.” ಅದರಂತೆ ಅವರು ಕಚೇರಿ ಮುಚ್ಚುವವರೆಗೆ ಕೆಂಪು ಪರದೆಯ ಮುಂದೆ ಕುಳಿತಿರುತ್ತಾರೆ.

ವಿಚಾರಣೆಯಲ್ಲಿ, ಸದರಿ ಪ್ರಾಜೆಕ್ಟನ್ನು ಇನ್ನೂರ ಹದಿನಾಲ್ಕು ಬಾರಿ ಸೇವ್ ಮಾಡಿದ್ದು, ಮೂಲ ಕಡತವನ್ನು ಮಾತ್ರ ಅನಿಲ್ ಕುಮಾರ್ ಅವರು ಮೌಖಿಕ ಆದೇಶದ ಮೇರೆಗೆ ಅಳಿಸಿರುವುದು ಕಂಡುಬಂದಿದೆ. ಮೇಲಧಿಕಾರಿಯೊಬ್ಬರ ಗೃಹಪ್ರವೇಶದ ನಾಲ್ಕೂವರೆ ಗಂಟೆಯ ದೃಶ್ಯಾವಳಿಗೆ (ಹಾಲು ಉಕ್ಕುವ ಭಾಗ ಮೂರು ದಿಕ್ಕಿನಿಂದ) ಜಾಗ ಬೇಕಾಗಿತ್ತು. ಆ ಮೇಲಧಿಕಾರಿ ಯಾರೆಂಬುದನ್ನು ಈ ಸುತ್ತೋಲೆಯಲ್ಲಿ ನಮೂದಿಸಲು ಸ್ವತಃ ಆ ಮೇಲಧಿಕಾರಿಯೇ ಒಪ್ಪಿರುವುದಿಲ್ಲ. ಆದುದರಿಂದ ಸಮಸ್ತ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಪ್ರಾಜೆಕ್ಟ್ ಎಂಬುದು ಟಿಪ್ಪಣಿ ಹಾಳೆ ಮಾತ್ರ. ಮೂಲ ಕಡತಗಳೇ ಅದರ ಅಡಕಗಳು. ಅಡಕಗಳನ್ನು ಅಳಿಸಿ ಟಿಪ್ಪಣಿಯನ್ನು ಕಾಪಾಡುವುದು ನೆಂಟರನ್ನು ಬಸ್ ಹತ್ತಿಸಿ ಎಲೆ ಹಾಕಿದಂತಾಗುತ್ತದೆ.

2. ಮೂಲ ಕಡತವನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸರಿಸುವುದನ್ನು ವರ್ಗಾವಣೆ ಎಂದೇ ಪರಿಗಣಿಸತಕ್ಕದ್ದು. ಬಿಡುಗಡೆ ಆದೇಶವಿಲ್ಲದೆ ಕಡತವು ಜಾಗ ಬಿಡಬಾರದು. ಹೊಸ ಫೋಲ್ಡರಿನಲ್ಲಿ ವರದಿ ಮಾಡಿಕೊಳ್ಳಲು ಅದಕ್ಕೆ ಏಳು ದಿನಗಳ ಸೇರಿಕೆ ಕಾಲ ಇರುತ್ತದೆ. ಪಾವಗಡಕ್ಕೆ ವರ್ಗವಾದ ಕಡತಗಳು ವರ್ಗಾವಣೆ ರದ್ದು ಕೋರಿ ಶಿಫಾರಸು ಪತ್ರ ತರುವಂತಿಲ್ಲ.

3. ಸೇವ್ ಗುಂಡಿ ಒತ್ತುವ ಮೊದಲು ‘ಸೇವ್ ವಹಿ’ಯಲ್ಲಿ ಸಮಯ ಬರೆದು ಇಬ್ಬರು ಸಾಕ್ಷಿಗಳ ಸಹಿ ಪಡೆಯತಕ್ಕದ್ದು. ಅಷ್ಟರಲ್ಲಿ ಕರೆಂಟ್ ಹೋದಲ್ಲಿ ವಹಿಯನ್ನಾದರೂ ಉಳಿಸಿಕೊಳ್ಳತಕ್ಕದ್ದು.

4. ತಂತ್ರಾಂಶವು ಹತ್ತು ನಿಮಿಷಕ್ಕೊಮ್ಮೆ ಯಾರ ಅನುಮತಿಯೂ ಇಲ್ಲದೆ ತಾನೇ ಸೇವ್ ಮಾಡಿಕೊಳ್ಳುತ್ತಿರುವುದು ಗಮನಕ್ಕೆ ಬಂದಿದೆ. ಇದು ಅಶಿಸ್ತು. ವಿವರಣೆ ಕೇಳಿ ನೋಟಿಸ್ ನೀಡಲಾಗಿದ್ದು, ಉತ್ತರ ನಿರೀಕ್ಷಿಸಲಾಗಿದೆ.

5. ‘ಫೈನಲ್’, ‘ಇದೇ ಫೈನಲ್’, ‘ದೇವರಾಣೆ ಫೈನಲ್’ ಎಂಬ ಕಡತಗಳ ಜ್ಯೇಷ್ಠತಾ ಪಟ್ಟಿಯನ್ನು ಪ್ರಕಟಿಸಲಾಗುವುದು. ‘ಸಾಹೇಬ್ರು ಬೈದ್ಮೇಲೆ’ ಎಂಬ ಕಡತವನ್ನು ‘ಮಾರ್ಗದರ್ಶನಾನಂತರ’ ಎಂದು ತಿದ್ದತಕ್ಕದ್ದು.

6. ಹಾರ್ಡ್ ಡಿಸ್ಕನ್ನು ಕೊರಟಗೆರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳುಹಿಸುವಾಗ ಟೊಮೆಟೊ ಬುಟ್ಟಿಯ ಮೇಲೆ ಇಡಬಹುದು, ಕೆಳಗೆ ಇಡಬಾರದು.

7. ಇನ್ನು ಮುಂದೆ ಯಾವುದೇ ಮೂಲ ಕಡತವನ್ನು ಅಥವಾ ಅದರ ನಕಲನ್ನು ಅಳಿಸುವ ಮುನ್ನ, ಅದರಲ್ಲಿ ಕಾಣಿಸಿಕೊಂಡಿರುವ ವ್ಯಕ್ತಿಯು ಖುದ್ದು ಹಾಜರಾಗಿ ಸಹಿ ಮಾಡತಕ್ಕದ್ದು. ವ್ಯಕ್ತಿಯ ಪರವಾಗಿ ಮೇಲಧಿಕಾರಿಗಳೂ ಸಹಿ ಮಾಡುವಂತಿಲ್ಲ. ಈ ನಿಯಮಕ್ಕೆ ಯಾವ ವಿನಾಯಿತಿಯೂ ಇರುವುದಿಲ್ಲ.

8. ಎಡಿಟರ್ ಶಿವರಂಜನಿ ಅವರು ಸಂಜೀವಯ್ಯನವರ ಹನ್ನೊಂದು ಸೆಕೆಂಡನ್ನು ಅನುಮತಿಯಿಲ್ಲದೆ ತಮ್ಮ ಸ್ವಂತ ಪೆನ್‌ಡ್ರೈವಿನಲ್ಲಿ ನಕಲು ಮಾಡಿ ಇಟ್ಟುಕೊಂಡಿರುವುದು ಬೆಳಕಿಗೆ ಬಂದಿದೆ. ಕಾರಣ ಕೇಳಲಾಗಿ, “ಮಾತು ಮುಗಿಸಿ ಅಜ್ಜ ನಕ್ಕುಬುಟ್ರು ಸರ್. ಅಳಿಸಿ ಹೋಗ್ಲಿ ಅಂತ ಬುಡೋಕೆ ಮನಸ್ಸು ಬರ್ಲಿಲ್ಲ” ಎಂದಿರುತ್ತಾರೆ. ಇಂತಹ ಕಾರಣಕ್ಕೆ ನಿಯಮಾವಳಿಯಲ್ಲಿ ಕಲಂ ಇರುವುದಿಲ್ಲ. ಸದರಿ ಅನಧಿಕೃತ ನಕಲನ್ನು ಕೂಡಲೇ ಅಳಿಸುವಂತೆ ಮುಖ್ಯಸ್ಥರು ಆದೇಶಿಸಿರುತ್ತಾರೆ.

9. ಮೇಲಿನ ಆದೇಶವನ್ನು ಕಲಂ 7ರನ್ವಯ ಜಾರಿಗೊಳಿಸಲಾಗುವುದು. ಸಹಿ ಬರುವವರೆಗೆ ಪೆನ್‌ಡ್ರೈವನ್ನು ಶ್ರೀಮತಿ ಗಂಗಲಕ್ಷ್ಮಮ್ಮನವರ ಮನೆಯಲ್ಲಿ ತಾತ್ಕಾಲಿಕವಾಗಿ ಇರಿಸಲಾಗುವುದು. ಕಡತ ಸುಸ್ಥಿತಿಯಲ್ಲಿದೆಯೇ ಎಂದು ಎಡೆಯ ದಿನ ಮನೆಮಂದಿಯ ಸಮಕ್ಷಮ ಹಾಕಿ ಪರಿಶೀಲಿಸತಕ್ಕದ್ದು. ಅನುಮಾನ ಬಂದಲ್ಲಿ ಎಷ್ಟು ಬಾರಿಯಾದರೂ ಪರಿಶೀಲಿಸಬಹುದು.

ಕರಡು: ರೇಣುಕಯ್ಯ, ವಿಷಯ ನಿರ್ವಾಹಕ

ಸಹಿ/- (ಓದದೆ)
ಮುಖ್ಯಸ್ಥರು
ದೃಶ್ಯ ಸಂಕಲನ ಘಟಕ, ಮಧುಗಿರಿ

ಪ್ರತಿಗಳು ಹೋಗುವುದು:

1. ಶಿರಾ, ಕೊರಟಗೆರೆ, ಪಾವಗಡ ಶಾಖೆಗಳಿಗೆ. ಪಾವಗಡದಲ್ಲಿ ತೆಲುಗಿನಲ್ಲೂ ಓದಿ ಹೇಳತಕ್ಕದ್ದು.
2. ಅನಿಲ್ ಕುಮಾರ್, ಸಹಾಯಕ: ಅಳಿಸಿದ ಬೆರಳಿನ ಮಾಹಿತಿಗಾಗಿ.
3. ತಂತ್ರಾಂಶ: ನೋಟಿಸಿಗೆ ಉತ್ತರ ಕೋರಿ ನೆನಪೋಲೆ-2.
4. ಶಿವರಂಜನಿ, ಎಡಿಟರ್: ಎಚ್ಚರಿಕೆ ನೀಡಲಾಗಿದೆ. ಹೊಸ ಪೆನ್‌ಡ್ರೈವ್ ಒಂದನ್ನು ಲಗತ್ತಿಸಿದೆ.
5. ಶ್ರೀಮತಿ ಗಂಗಲಕ್ಷ್ಮಮ್ಮ, ಬಡವನಹಳ್ಳಿ: ಪೆನ್‌ಡ್ರೈವ್ ಸಹಿತ.
6. ಶ್ರೀ ಸಂಜೀವಯ್ಯ, ನೀರುಗಂಟಿ, ಬಡವನಹಳ್ಳಿ: ಖುದ್ದು ಬಂದು ಸಹಿ ಮಾಡಲು. ಅವಸರವಿಲ್ಲ.