ಡೂಲನ್ನರ ಮನೆತನ ವಿಚಾರಿಸಿದ್ದು

ಹುಡುಗನ ಮನೆತನ ವಿಚಾರಿಸುವುದು ಒಂದು ವಿದ್ಯೆ ಎಂದು ನಾನು ಬಹಳ ಕಾಲ ಒಪ್ಪಿರಲಿಲ್ಲ. ಕಂಡವರ ಮನೆಯ ಕಿಟಕಿಯಲ್ಲಿ ಇಣುಕುವ ಚಟಕ್ಕೆ ಹಿರಿಯರು ಕೊಟ್ಟ ಗೌರವದ ಹೆಸರು ಅದು ಎಂದೇ ನನ್ನ ಅಭಿಪ್ರಾಯವಾಗಿತ್ತು. ಆದರೆ ನಮ್ಮತ್ತೆಯ ಮುಂದೆ ಅಭಿಪ್ರಾಯ ಇಟ್ಟುಕೊಳ್ಳುವುದು ಬೇರೆ, ಅದನ್ನು ಹೇಳುವುದು ಬೇರೆ. ಮೈಸೂರಿನಲ್ಲಿದ್ದಾಗ ಅವರು ಕೈಹಾಕದೆ ನಮ್ಮ ಬೀದಿಯಲ್ಲಿ ಒಂದು ಸಂಬಂಧವೂ ಕುದುರುತ್ತಿರಲಿಲ್ಲ. ಅವರಿಗೆ ಅವರದೇ ಶಾಸ್ತ್ರವಿತ್ತು. ಹುಡುಗನ ಪಕ್ಕದ ಮನೆಯವರನ್ನು ಎಂದೂ ಕೇಳಬಾರದು. ಅವರು ಒಂದೋ ಜಗಳವಾಡಿರುತ್ತಾರೆ, ಇಲ್ಲವೇ ತೀರ ಸ್ನೇಹದಲ್ಲಿರುತ್ತಾರೆ. ಎರಡು ಮನೆ ಆಚೆಯವರನ್ನು ಕೇಳಬೇಕು. ಮಾವನವರು ತೀರಿಕೊಂಡ ಮೇಲೆ ಅತ್ತೆ ಸಿಂಗಪುರಕ್ಕೆ ಬಂದು ಚೋವಾ ಚು ಕಾಂಗ್‌ನ ನಮ್ಮ ಫ್ಲ್ಯಾಟಿನಲ್ಲಿ ನೆಲೆಸಿದಾಗ, ಇನ್ನು ಈ ವಿದ್ಯೆಗೆ ಇಲ್ಲಿ ಕೆಲಸವಿಲ್ಲ ಎಂದುಕೊಂಡೆ. ಕಟ್ಟಡದ ಕೆಳಗೆ ವಾಯ್ಡ್ ಡೆಕ್ ಎನ್ನುವ ತೆರೆದ ಜಾಗದಲ್ಲಿ ಸಂಜೆ ಕೂರುವ ಚೀನೀ ಅಜ್ಜಿಯರ ಸೊಸೆಯಂದಿರು ಎಂಥವರೆಂದು ಅತ್ತೆ ಭಾಷೆಯೇ ಇಲ್ಲದೆ ತಿಳಿದುಕೊಂಡು ಬಂದು ನನಗೆ ವರದಿ ಒಪ್ಪಿಸತೊಡಗಿದಾಗಲಾದರೂ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ನನ್ನ ಮಗಳು ಸಿಂಧು ಒಂದು ಭಾನುವಾರ ಊಟಕ್ಕೆ ಕೂತಾಗ, ತನ್ನ ಆಫೀಸಿನ ಲೀಯಮ್ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಆಸ್ಟ್ರೇಲಿಯಾದ ಹುಡುಗ, ಪೂರ್ವಿಕರು ಐರ್ಲೆಂಡಿನಿಂದ ಬಂದವರು, ಮನೆಯಲ್ಲಿ ಗೋಧಿ ಬೇಸಾಯ, ತಾಯಿ ಇಲ್ಲ, ತಂದೆ ಕೆವಿನ್ ಡೂಲನ್ ಒಬ್ಬರೇ ಇದ್ದಾರೆ. ನಮ್ಮವರು "ನೋಡೋಣ" ಎಂದರು. ಮದುವೆಯಾದಾಗಿನಿಂದ ಅವರು ಎಲ್ಲದಕ್ಕೂ ಹೇಳುತ್ತ ಬಂದಿರುವುದು ಅದೊಂದನ್ನೇ. ನಾನು ಅತ್ತೆಯ ಮುಖ ನೋಡಿದೆ. ಅವರು ರಂಪ ಮಾಡುತ್ತಾರೆ, ಆಗ ಅವರ ಪಕ್ಕದಲ್ಲಿ ನಾನು ಉದಾರಳಾಗಿ ಕಾಣಬಹುದು ಎಂಬುದು ನನ್ನ ಲೆಕ್ಕಾಚಾರ. ಅತ್ತೆ ಸಾರನ್ನ ಕಲಸುತ್ತಲೇ ಕೇಳಿದರು.

"ಬಿಳಿ ಹುಡುಗ ಅಂತೀಯ. ಆಗಲಿ. ಮನೆತನ ಎಂಥದ್ದು?"

"ಅಜ್ಜೀ, ದೇ ಆರ್ ಜಸ್ಟ್ ಫಾರ್ಮರ್ಸ್ ಲಾ," ಎಂದಳು ಸಿಂಧು, ಸಿಂಗಪುರದವರ ಹಾಗೆ ಮಾತಿನ ಕೊನೆಗೊಂದು ಲಾ ಅಂಟಿಸಿ.

"ಯಾವ ಫಾರ್ಮರ್ಸು? ಎಲ್ಲಿಂದ ಬಂದ್ರು, ತಂದ ಹೆಣ್ಣನ್ನ ಹೇಗೆ ನೋಡ್ಕೊಂಡ್ರು, ಕೊಟ್ಟ ಹೆಣ್ಣನ್ನ ಹೇಗೆ ನೋಡ್ಕೊಂಡ್ರು? ಇಷ್ಟು ತಿಳೀದೆ ಹುಡುಗೀನ ಕೊಡೋಕಾಗತ್ತಾ?"

ಋಷಿಮೂಲ, ನದೀಮೂಲ ಕೆದಕಬಾರದು ಎಂದು ಹಿರಿಯರೇ ಹೇಳಿದ್ದಾರಲ್ಲ ಎಂದು ನಮ್ಮವರು ಅಪರೂಪಕ್ಕೆ ಬಾಯಿಬಿಟ್ಟರು. "ಅದು ಋಷಿಗಳ ಮಾತು, ಅಳಿಯಂದಿರದ್ದಲ್ಲ" ಎಂದು ಅತ್ತೆ ಅವರನ್ನು ಸುಮ್ಮನಾಗಿಸಿದರು. ವಿಚಾರಿಸುವ ಕೆಲಸ ನನ್ನ ತಲೆಗೆ ಬಂತು. ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಈ ಮದುವೆಯ ವಿಷಯಕ್ಕೆ ಒಗ್ಗಿಕೊಳ್ಳಲು ಸ್ವಲ್ಪ ಸಮಯ ಬೇಕಿತ್ತು. ಅದನ್ನು ಅತ್ತೆಯ ಹೆಸರಿನಲ್ಲಿ ಪಡೆಯುವುದು ಅನುಕೂಲವಾಗಿತ್ತು.

ಮೊದಲು ಕೆವಿನ್‌ಗೇ ಫೋನ್ ಮಾಡಿದೆ. ಇಲ್ಲಿ ಬರುವ ಆ ಕಡೆಯವರ ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ; ದಿನವೂ ಸಂಜೆ ಅತ್ತೆಗೆ ಕನ್ನಡದಲ್ಲಿ ಒಪ್ಪಿಸಿ ಒಪ್ಪಿಸಿ ನನಗೀಗ ಅವು ಕನ್ನಡದಲ್ಲೇ ನೆನಪಿವೆ. ಕೆವಿನ್ ನಮ್ಮವರ ಆಸ್ಟ್ರೇಲಿಯಾ ಆವೃತ್ತಿ. ಒಂದು ಪ್ರಶ್ನೆಗೆ ಒಂದು ಶಬ್ದ, ನಡುವೆ ನಾಯಿ ಬೊಗಳುವ ಸದ್ದು. ಆದರೂ ಬಾವಿಯಿಂದ ಕೊಡ ಎತ್ತಿದ ಹಾಗೆ ಒಂದೊಂದಾಗಿ ಎತ್ತಿದೆ. ಆಲೂಗಡ್ಡೆ ಕೊಳೆತು ಐರ್ಲೆಂಡಿನಲ್ಲಿ ಜನ ಹಸಿವಿನಿಂದ ಸತ್ತ ಕಾಲದಾಚೆ ಮೈಕೇಲ್ ಡೂಲನ್ ಎಂಬವನು ಹೆಂಡತಿಯೊಡನೆ ಹಡಗು ಹತ್ತಿದ್ದು, ಕುರಿ ಕಾದು ಕೊನೆಗೆ ಒಂದಿಷ್ಟು ಒಣಭೂಮಿ ಮಾಡಿಕೊಂಡದ್ದು, ಅವನ ಮೊಮ್ಮಗ ಜ್ಯಾಕ್, ಜ್ಯಾಕನ ಮಗ ಪ್ಯಾಡಿ. ಈ ಪ್ಯಾಡಿಯೇ ಕೆವಿನ್‌ನ ತಂದೆ. ಕೆಲವು ವರ್ಷದ ಹಿಂದೆ ತೀರಿಕೊಂಡಿದ್ದರು.

"ಪ್ಯಾಡಿಗೆ ಒಡಹುಟ್ಟಿದವರು?" ಎಂದೆ.

"ಒಬ್ಬ ತಂಗಿ. ಕ್ಯಾತ್."

"ಅವರು ಎಲ್ಲಿದ್ದಾರೆ?"

"ಹೋದಳು," ಎಂದ ಕೆವಿನ್. ಆಮೇಲೆ ನಾಯಿ ಮಾತ್ರ ಮಾತಾಡಿತು.

ಸಂಜೆ ಇಷ್ಟನ್ನು ಒಪ್ಪಿಸಿದಾಗ ಅತ್ತೆ ಹಡಗು, ಕುರಿ, ಒಣಭೂಮಿ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಹೋದಳು ಅಂದ್ರೆ ಏನೇ ಸುಮಾ? ಸತ್ತಳಾ, ಓಡಿಹೋದಳಾ, ಓಡಿಸಿದ್ರಾ? ಹೆಣ್ಣುಮಗಳೊಬ್ಬಳು ಹೋದಳು ಅಂದ ತಕ್ಷಣ ಫೋನ್ ಇಟ್ಟುಬಿಡೋದಾ? ಮನೆತನ ಇರೋದೇ ಅಲ್ಲಿ!"

ಹೀಗೆ ನಾನು ಕ್ಯಾತ್‌ಳನ್ನು ಹುಡುಕತೊಡಗಿದೆ. ತಂಜಾಂಗ್ ಪಗಾರ್‌ನ ನನ್ನ ಆಫೀಸಿನಲ್ಲಿ ಊಟದ ಬಿಡುವಿನ ಹೊತ್ತು ಮೆಟ್ಟಿಲ ಮೇಲೆ ಕೂತು ಆ ಸೀಮೆಯ ಚರ್ಚಿಗೆ, ಅಂಚೆ ಕಚೇರಿಗೆ, ಫೋನ್ ಪುಸ್ತಕದಲ್ಲಿ ಸಿಕ್ಕ ಡೂಲನ್‌ಗಳಿಗೆಲ್ಲ ಕರೆ ಮಾಡುವುದು. ಎಲ್ಲರೂ ಬಹಳ ಮರ್ಯಾದಸ್ಥರು. "ಬೇಡಮ್ಮ, ನಮ್ಮ ಇಂಟರ್ನೆಟ್ ಚೆನ್ನಾಗೇ ಇದೆ" ಎಂದು ನಯವಾಗಿ ಹೇಳಿ ಇಟ್ಟುಬಿಡುತ್ತಿದ್ದರು. ನನ್ನ ದನಿ ಕೇಳಿದ ಕೂಡಲೇ ನಾನು ಯಾವುದೋ ಕಾಲ್ ಸೆಂಟರಿನವಳೆಂದು ಅವರಿಗೆ ಖಾತ್ರಿಯಾಗುತ್ತಿತ್ತು. ಒಬ್ಬಾತನಂತೂ ನಾನು ಬಾಯಿ ತೆರೆಯುವ ಮೊದಲೇ ತನ್ನ ಕಂಪ್ಯೂಟರಿನಲ್ಲಿ ವೈರಸ್ ಇಲ್ಲ ಎಂದು ಆಣೆ ಮಾಡಿದ. ಸಿಂಧು ನನ್ನ ಇಂಗ್ಲಿಷ್ ತಿದ್ದಲು ಕೂತಳು. "ಅಮ್ಮಾ, ನೀನು 'ಗುಡ್ ಆಫ್ಟರ್‌ನೂನ್ ಸರ್' ಅಂತ ಸ್ಟಾರ್ಟ್ ಮಾಡ್ಬೇಡ, ಕಾಲ್ ಸೆಂಟರ್ ಥರಾನೇ ಸೌಂಡ್ ಆಗತ್ತೆ." ಕೊನೆಗೆ ದಾರಿ ತೋರಿಸಿದವರು ಅತ್ತೆ. "ಇದ್ದದ್ದನ್ನ ಹೇಳು. ಮಗಳ ಮದುವೆ, ಹುಡುಗನ ಕಡೆ ವಿಚಾರಿಸ್ತಿದ್ದೀನಿ ಅನ್ನು. ಮದುವೆ ವಿಷಯ ಅಂದ್ರೆ ಫೋನ್ ಇಡೋ ಹೆಂಗಸು ಭೂಮಿ ಮೇಲೆ ಇಲ್ಲ. ಮತ್ತೆ ಅದೇ ಊರಲ್ಲಿ ಕೇಳ್ಬೇಡ, ಪಕ್ಕದೂರು ದಾಟಿ ಕೇಳು."

ಮಾರನೆಯ ದಿನ ಎರಡು ಊರು ಆಚೆ, ಹಳೆಯ ರೈಲು ನಿಲ್ದಾಣದಲ್ಲಿ ಊರಿನ ವಸ್ತುಸಂಗ್ರಹ ನೋಡಿಕೊಳ್ಳುವ ಹೆಂಗಸೊಬ್ಬಳು ಫೋನಿಗೆ ಸಿಕ್ಕಿದಳು. ಮದುವೆ ಎಂದೆ. "ಇರಿ, ಕುರ್ಚಿ ಎಳ್ಕೋತೀನಿ," ಎಂದಳು ಆಕೆ.

ಆಕೆಯ ತಾಯಿ ಹೇಳುತ್ತಿದ್ದ ಕಥೆ ಇದು. ಡೂಲನ್ನರು ಕಟ್ಟಾ ಕ್ಯಾಥಲಿಕರು. ಕ್ಯಾತ್ ಒಪ್ಪಿದ್ದು ಕುರಿ ತುಪ್ಪಟ ಕತ್ತರಿಸಲು ಬರುತ್ತಿದ್ದ ಪ್ರೆಸ್ಬಿಟೇರಿಯನ್ ಹುಡುಗನನ್ನು. ಇಬ್ಬರದೂ ಅದೇ ಯೇಸು, ಅದೇ ಪುಸ್ತಕ, ಚರ್ಚು ಮಾತ್ರ ಬೇರೆ. ಆ ಕಾಲದಲ್ಲಿ ಅಂಥ ಮದುವೆಯನ್ನು ದೇವರ ಪೀಠದ ಮುಂದೆ ಮಾಡುತ್ತಿರಲಿಲ್ಲ. ಪಾದ್ರಿಗಳು ನಿಲುವಂಗಿ ತೊಡುವ ಪಕ್ಕದ ಕೋಣೆಯಲ್ಲಿ, ಹೂವಿಲ್ಲದೆ, ಹಾಡಿಲ್ಲದೆ ಮುಗಿಸುತ್ತಿದ್ದರು. ಮನೆಯವರು ಯಾರೂ ಚರ್ಚಿನೊಳಗೆ ಕಾಲಿಡಕೂಡದೆಂದು ತಂದೆ ಜ್ಯಾಕ್ ಅಪ್ಪಣೆ ಮಾಡಿದ್ದರು. ದಂಪತಿಗಳು ಬಹಳ ದೂರದ ಊರಿಗೆ ಹೋದರು. ಗಂಡ ತೀರಿಕೊಂಡಿದ್ದಾನೆ, ಮಕ್ಕಳಿಲ್ಲ. "ಆದರೆ ಕ್ಯಾತ್ ಇದ್ದಾಳೆ ಕಣಮ್ಮ. ನಂಬರ್ ಹುಡುಕಿ ಕೊಡ್ತೀನಿ."

ಆ ನಂಬರನ್ನು ಇಟ್ಟುಕೊಂಡು ನಾನು ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದೆ. ಇಷ್ಟು ದಿನ ಇದೊಂದು ಪತ್ತೇದಾರಿಯ ಹುರುಪಾಗಿತ್ತು. ಈಗ ಆ ಕಡೆ ಒಬ್ಬ ಮುದುಕಿ ಫೋನ್ ಎತ್ತುತ್ತಾಳೆ, ಅವಳಿಗೆ ಏನು ಹೇಳಬೇಕೆಂದು ನಾನು ಯೋಚಿಸಿರಲಿಲ್ಲ.

"ನನ್ನ ಹತ್ರ ಇಂಟರ್ನೆಟ್ ಇಲ್ಲಮ್ಮ," ಎಂದರು ಅವರು, ನನ್ನ ದನಿ ಕೇಳಿದೊಡನೆ.

"ನಾನು ಏನೂ ಮಾರೋಕೆ ಫೋನ್ ಮಾಡಿಲ್ಲ. ಡೂಲನ್ನರ ವಿಷಯ."

ಆ ಕಡೆ ರೇಡಿಯೊ ಆರಿಸಿದ ಸದ್ದಾಯಿತು. ಆಮೇಲೆ ಕೇಳಿದರು, "ಯಾರು ಸತ್ತರು?"

"ಅಯ್ಯೋ, ಯಾರೂ ಸತ್ತಿಲ್ಲ! ಶುಭ ಸಮಾಚಾರ. ಪ್ಯಾಡಿ ಮೊಮ್ಮಗನಿಗೂ ನನ್ನ ಮಗಳಿಗೂ ಮದುವೆ."

"ಸದ್ಯ," ಎಂದರು. ದನಿ ಹಗುರವಾಯಿತು. "ಹಾಗಾದ್ರೆ ಪ್ಯಾಡಿ ಚೆನ್ನಾಗಿದ್ದಾನೆ ಅನ್ನಿ."

ನಾನು ಜೀವನದಲ್ಲಿ ಬೇಕಾದಷ್ಟು ಮಾತಾಡಿದ್ದೇನೆ. ಅಗತ್ಯಕ್ಕಿಂತ ಹೆಚ್ಚೇ ಆಡಿದ್ದೇನೆ ಎನ್ನುವವರಿದ್ದಾರೆ. ಆ ಕ್ಷಣ ಅದರಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಒಡಹುಟ್ಟಿದ ಅಣ್ಣ ಸತ್ತ ಸುದ್ದಿಯನ್ನು ಆ ಹೆಂಗಸಿಗೆ ತಿಳಿಸಬೇಕಾದವಳು ಅವರ ಮುಖವನ್ನೇ ನೋಡದ, ಇನ್ನೂ ಬೀಗಿತ್ತಿಯೂ ಆಗದ, ಸಿಂಗಪುರದ ಒಂದು ಆಫೀಸಿನ ಮೆಟ್ಟಿಲ ಮೇಲೆ ಮೊಸರನ್ನದ ಡಬ್ಬಿ ಇಟ್ಟುಕೊಂಡು ಕೂತ ನಾನೇ? ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ.

"ತಪ್ಪಾಯ್ತು ಕ್ಯಾತ್. ಪ್ಯಾಡಿ ಕೆಲವು ವರ್ಷದ ಹಿಂದೆ ಹೋಗಿಬಿಟ್ಟರು. ನಿಮಗೆ ಗೊತ್ತಿರಲ್ಲ ಅಂತ ನನಗೆ ಹೊಳೀಲಿಲ್ಲ."

ಅವರು ಅಳಲಿಲ್ಲ. ನಿಧಾನವಾಗಿ ಹೇಳಿದರು. "ಮದುವೆ ದಿನ ನನ್ನನ್ನ ಚರ್ಚಿಗೆ ಕರ್ಕೊಂಡು ಹೋಗಿದ್ದು ಅವನೇ. ಒಳಗೆ ಬರೋ ಹಾಗಿರಲಿಲ್ಲವಲ್ಲ, ಹೊರಗೆ ಲಾರಿಯಲ್ಲೇ ಕೂತಿದ್ದ. ಪೂರ್ತಿ ಮುಗಿಯೋವರೆಗೂ ಎಂಜಿನ್ ಆರಿಸಲಿಲ್ಲ, ಸದ್ದು ನನಗೆ ಕೇಳಿಸ್ತಿರಲಿ ಅಂತ. ಆಮೇಲೆ ಅವನೂ ಬರಲಿಲ್ಲ. ಮೊದಲು ಅಪ್ಪನ ಹೆದರಿಕೆ, ಅಪ್ಪ ಹೋದಮೇಲೆ ನಾಚಿಕೆ. ನನಗೂ ಅಷ್ಟೇ." ಆಮೇಲೆ ಕೇಳಿದರು. "ಮಣ್ಣಿಗೆ ಜನ ಚೆನ್ನಾಗಿ ಸೇರಿದ್ರಾ?"

ನನಗೆ ಗೊತ್ತಿರಲಿಲ್ಲ. ಕೇಳಿ ನಾಳೆ ತಿಳಿಸುತ್ತೇನೆ ಎಂದೆ.

ಆ ಸಂಜೆ ಮನೆಯಿಂದಲೇ ಕೆವಿನ್‌ಗೆ ಫೋನ್ ಮಾಡಿದೆ. ಅತ್ತೆ ಸೋಫಾದ ಮೇಲೆ ಕೂತು, ಅರ್ಥವಾಗದಿದ್ದರೂ ಪ್ರತಿ ಶಬ್ದ ಕೇಳಿಸಿಕೊಳ್ಳುತ್ತಿದ್ದರು. ಪೀಠಿಕೆ ಹಾಕಲು ತಿಳಿಯದೆ ನೇರವಾಗಿ, ನಿಮ್ಮ ತಂದೆಯ ಮಣ್ಣಿಗೆ ಜನ ಸೇರಿದ್ದರೇ ಎಂದು ಕೇಳಿದೆ. ಭಾವೀ ಬೀಗಿತ್ತಿಯ ಈ ಪ್ರಶ್ನೆಗೆ ಅವನು ಫೋನ್ ಇಡಬಹುದೆಂದುಕೊಂಡೆ. ಬದಲಿಗೆ ಅವನು ಮೊದಲ ಬಾರಿ ಪೂರ್ತಿ ವಾಕ್ಯಗಳಲ್ಲಿ ಮಾತಾಡಿದ. "ಚರ್ಚು ಸಾಲಲಿಲ್ಲ. ಗೋಧಿ ಕಣಜದವರೆಗೂ ಗಾಡಿಗಳು ನಿಂತಿದ್ದವು. ಅಪ್ಪನ ಜತೆ ಜಗಳ ಆಡಿದವರೂ ಬಂದಿದ್ರು." ಆಮೇಲೆ ಕೇಳಿದ, "ಯಾಕೆ? ಯಾರಿಗೆ ಬೇಕಿತ್ತು?"

"ನಿಮ್ಮ ಸೋದರತ್ತೆಗೆ."

ನಾಯಿಯೂ ಸುಮ್ಮನಿತ್ತು. "ಅತ್ತೆ ಇದ್ದಾಳಾ?" ಎಂದ ಕೆವಿನ್. ಆ ದನಿ ಕೇಳಿ ನಾನು ಮುಖ ಆಚೆ ತಿರುಗಿಸಿದೆ, ನಮ್ಮತ್ತೆ ನೋಡುತ್ತಿದ್ದರು.

ಫೋನ್ ಇಟ್ಟ ಮೇಲೆ ಅತ್ತೆಗೆ ಎಲ್ಲವನ್ನೂ ಒಪ್ಪಿಸಿದೆ. ಪಕ್ಕದ ಕೋಣೆಯ ಮದುವೆ ಹೇಳಿದೆ, ಲಾರಿ ಹೇಳಿದೆ. ಅವರು ಕೇಳಿದ್ದು ಒಂದೇ. "ಹುಡುಗನದ್ದು ತಪ್ಪೇನಿತ್ತು?" ದೇವರು ಒಂದೇ, ಪೂಜೆಯ ಕ್ರಮ ಬೇರೆ ಎಂದೆ.

"ಸ್ಮಾರ್ತರು, ಮಾಧ್ವರು ಇದ್ದ ಹಾಗೆ ಅನ್ನು," ಎಂದರು ತಟ್ಟನೆ. ಅರ್ಥಮಾಡಿಸುವುದಕ್ಕೆ ನಾನು ಮಾಡಿಕೊಂಡಿದ್ದ ಸಿದ್ಧತೆಯೆಲ್ಲ ವ್ಯರ್ಥವಾಯಿತು. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತರು. "ನಮ್ಮ ಮನೇಲೂ ಒಬ್ಬಳಿದ್ದಳು ಸುಮಾ. ನಮ್ಮ ದೊಡ್ಡಪ್ಪನ ಮಗಳು. ಅವಳ ಹೆಸರು ಎತ್ತಬಾರದು ಅಂದಿದ್ರು. ಎತ್ತದೆ ಎತ್ತದೆ ನನಗೀಗ ಹೆಸರೇ ಮರೆತುಹೋಗಿದೆ."

ಅವರು ಸೆರಗು ಕೊಡವಿ ಎದ್ದರು. "ಮನೆತನ ಗೊತ್ತಾಯ್ತು ಬಿಡು. ನಮ್ಮಂಥವರೇ. ಮುಹೂರ್ತ ನೋಡ್ಸು. ಆದ್ರೆ ಆ ಅತ್ತೆ ಬಂದು ಮುಂದೆ ಕೂರಬೇಕು. ಅವರಿಲ್ಲದೆ ಈ ಮದುವೆ ಇಲ್ಲ."

ಕೆವಿನ್ ಕೊಯ್ಲಿನ ಕೆಲಸವನ್ನು ಪಕ್ಕದ ಹೊಲದವರಿಗೆ ಒಪ್ಪಿಸಿ ಮರುದಿನ ಬೆಳಿಗ್ಗೆಯೇ ಕ್ಯಾತ್ ಅತ್ತೆಯ ಊರಿಗೆ ಗಾಡಿ ಹತ್ತಿದನಂತೆ. ಒಂದು ಟೀ ಕುಡಿದು ಬರುತ್ತೇನೆಂದು ಹೋದವನು ವಾರವಾದರೂ ಬರಲಿಲ್ಲ. ಇಬ್ಬರೂ ಏನು ಮಾತಾಡಿದರೆಂದು ಲೀಯಮ್‌ಗೂ ಹೇಳಲಿಲ್ಲ. ಹೇಳಿದ್ದಿಷ್ಟೇ, ಅತ್ತೆಯ ಹಿತ್ತಲ ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು, ಸರಿಮಾಡಿದೆ. ಸೂರಿನ ಮಳೆನೀರಿನ ದೋಣಿಯಲ್ಲಿ ಎಲೆ ತುಂಬಿತ್ತು, ತೆಗೆದೆ. ನಾನು ಮಾತ್ರ ಕೊಟ್ಟ ಮಾತಿನಂತೆ ಕ್ಯಾತ್‌ಗೆ ಫೋನ್ ಮಾಡಿ, ಗಾಡಿಗಳು ಕಣಜದವರೆಗೂ ನಿಂತಿದ್ದವಂತೆ ಎಂದು ತಿಳಿಸಿದ್ದೆ. "ಒಳ್ಳೇದಾಯ್ತು" ಎಂದಿದ್ದರು. ಅವರಿಗೆ ಅಳು ಬಂದದ್ದು ಆಗ.

ದೇವಸ್ಥಾನದ ಸಭಾಂಗಣದಲ್ಲಿ ಮದುವೆಯಾಯಿತು. ಹೊಸದೊಂದು ಹ್ಯಾಟ್ ಹಾಕಿಕೊಂಡು, ಕೆವಿನ್‌ನ ತೋಳು ಹಿಡಿದು ಬಂದ ಕ್ಯಾತ್‌ರನ್ನು ಅತ್ತೆ ತಮ್ಮ ಪಕ್ಕದಲ್ಲೇ ಮುಂದಿನ ಸಾಲಿನಲ್ಲಿ ಕೂರಿಸಿಕೊಂಡರು. ಧಾರೆಯ ಹೊತ್ತಿಗೆ ಪುರೋಹಿತರು ಹುಡುಗನ ಕಡೆಯ ಹಿರಿಯರು ಯಾರೆಂದಾಗ ಕೆವಿನ್ ಏನೂ ಹೇಳದೆ ಕ್ಯಾತ್‌ರ ಕಡೆ ಕೈ ತೋರಿಸಿದ. ವಾದ್ಯದ ಅಬ್ಬರದಲ್ಲಿ ಅವರು ಕಣ್ಣು ಒರೆಸಿಕೊಂಡದ್ದನ್ನು ನೋಡಿದೆ. ಹೂವೂ ಇತ್ತು, ಹಾಡೂ ಇತ್ತು, ಎಲ್ಲರೂ ಒಳಗೇ ಇದ್ದರು.

ಊಟವಾದ ಮೇಲೆ ಇಬ್ಬರು ಮುದುಕಿಯರ ನಡುವೆ ದುಭಾಷಿಯಾಗಿ ನನ್ನನ್ನು ಕೂರಿಸಲಾಯಿತು. ಅತ್ತೆ ಎಂದಿನಂತೆ ನೇರವಾಗಿ ಮುಖ್ಯ ವಿಷಯಕ್ಕೆ ಬಂದರು. "ಆ ತುಪ್ಪಟದ ಹುಡುಗ ಇವರನ್ನ ಚೆನ್ನಾಗಿ ನೋಡ್ಕೊಂಡನಾ, ಕೇಳು."

ಕ್ಯಾತ್ ತೊಡೆಯ ಮೇಲಿನ ಹ್ಯಾಟನ್ನು ಒಂದು ಸುತ್ತು ತಿರುಗಿಸಿದರು. "ಇದನ್ನ ನಮ್ಮ ಮನೆಯವರು ಒಬ್ಬರಾದ್ರೂ ಕೇಳಬೇಕಿತ್ತು," ಎಂದರು. "ಚೆನ್ನಾಗೇ ನೋಡ್ಕೊಂಡ. ಮಾತು ಕಮ್ಮಿ, ಅಷ್ಟೇ."

"ನನ್ನ ಮಗನ ಥರ," ಎಂದರು ಅತ್ತೆ ತೃಪ್ತಿಯಿಂದ. ನಮ್ಮವರು ದೂರದಲ್ಲಿ ಕೆವಿನ್‌ನ ಪಕ್ಕ ಕೂತಿದ್ದರು. ಇಬ್ಬರೂ ಒಂದೂ ಮಾತಾಡದೆ ಐಸ್ ಕ್ರೀಮ್ ತಿನ್ನುತ್ತ ಪರಮ ಸುಖದಲ್ಲಿದ್ದರು.

ಕ್ಯಾತ್ ನನ್ನ ಕಡೆ ಒಮ್ಮೆ ನೋಡಿ ಅತ್ತೆಗೆ ಕೇಳಿದರು. "ನಮ್ಮನ್ನ ಇಷ್ಟೆಲ್ಲ ವಿಚಾರಿಸಿದ್ರಲ್ಲ, ಈ ಸೊಸೇನ ತರೋವಾಗ್ಲೂ ವಿಚಾರಿಸಿದ್ರಾ?"

ನಾನು ಅನುವಾದಿಸಿದೆ. ಅತ್ತೆ ನೆಟ್ಟಗೆ ಕೂತರು. "ವಿಚಾರಿಸದೆ ಬಿಡ್ತೀನಾ? ಇವಳ ಅಪ್ಪನ ಊರಲ್ಲೂ ಕೇಳ್ದೆ, ಅಮ್ಮನ ಊರಲ್ಲೂ ಕೇಳ್ದೆ. ಎಲ್ಲರೂ ಒಳ್ಳೇದೇ ಹೇಳಿದ್ರು. ಇಷ್ಟು ಮಾತಾಡ್ತಾಳೆ ಅಂತ ಮಾತ್ರ ಒಂದು ನರಪಿಳ್ಳೇನೂ ಹೇಳಲಿಲ್ಲ!" ಎಂದು ಮೈ ಕುಲುಕಿಸಿ ನಗತೊಡಗಿದರು.

ನಮ್ಮದು ಬಹಳ ಒಳ್ಳೆಯ ಮನೆತನವೆಂದು ತಿಳಿದುಬಂತಂತೆ ಎಂದು ನಾನು ಗಂಭೀರವಾಗಿ ಅನುವಾದಿಸಿದೆ.

ಕ್ಯಾತ್ ನಗುತ್ತಿದ್ದ ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು, ಮೆಲ್ಲಗೆ ನನ್ನ ಕೈ ತಟ್ಟಿದರು. "ಅಷ್ಟಕ್ಕೆ ಯಾರೂ ಹೀಗೆ ನಗಲ್ಲ ಕಣಮ್ಮ," ಎಂದರು. "ಪೂರ್ತಿ ಹೇಳು."